ಕಾಗದದ ಮೂಲೆಯಲ್ಲಿ ಒಂದು ಹನಿ ಆಯಿಲ್

ಜನವರಿ ೯

ಅಮ್ಮಾ,

ಬಂದರು ಕಚೇರಿಯ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಏಪ್ರಿಲ್ ಕೊನೆಯ ವಾರ ತಪಾಸಣೆ. ಆ ದಿನ ಓಡಿ ತೋರಿಸದ ದೋಣಿಯನ್ನು ಕಟ್ಟಿಹಾಕುವ ಜಾಗವನ್ನು ಬೇರೆಯವರಿಗೆ ಕೊಡುತ್ತಾರಂತೆ. ನಮ್ಮ ದೋಣಿ ನಿಂತು ಎರಡನೇ ವರ್ಷ. ಪಕ್ಕದ ಜಾಗ ಹಿಡಿದಿರುವ ಕಂಪನಿಯವನು ಆಗಲೇ ಬಂದು ನಮ್ಮ ಗೂಟಕ್ಕೆ ಟೇಪು ಹಿಡಿದು ಅಳೆದು ಹೋದ. ಅವನ ಟೇಪನ್ನು ನೀರಿಗೆ ಎಸೆಯಬೇಕೆಂದಿದ್ದೆ. ಅಜ್ಜಿ ನನ್ನ ಜಡೆ ಹಿಡಿದುಕೊಂಡಿದ್ದಳು.

ಅಪ್ಪ ತೀರಿಕೊಂಡ ಮೇಲೆ ನೀನು ಒಬ್ಬಳೇ ಓಡಿಸಿದ ದೋಣಿ ಅದು. ಎಂಜಿನ್ ಕೆಟ್ಟಿತು, ಅದಕ್ಕೆ ದುಡಿಯಲೆಂದು ನೀನು ಆ ದೂರದ ಹಡಗು ದುರಸ್ತಿಯ ಕಾರ್ಖಾನೆಗೆ ಹೋದೆ. ಕಟ್ಟೆಯ ಮೇಲೆ ನಿಂತು ಏನು ಹೇಳಿದ್ದೆ, ನೆನಪಿದೆಯಾ? "ದೋಣಿ ಓಡಿದ ದಿನ ಹೇಳು, ಬಂದ್ಬಿಡ್ತೀನಿ." ಎಂಜಿನ್ ಈಗ ಸರಿಯಾಗಿದೆ, ಮೊನ್ನೆ ಗುಡುಗಿತು. ಪಕ್ಕದ ಮನೆಯ ಬಡಗಿ ಮಾವ ಹಲಗೆಗಳನ್ನು ಬದಲಿಸಿ ಬಣ್ಣ ಹೊಡೆದಿದ್ದಾನೆ. ಉಳಿದಿರುವುದು ನೀರಿಗಿಳಿದು ಫ್ಯಾನು ತಿರುಗಿಸುವ ಹಿಂದಿನ ಕಾಲು ಒಂದೇ. ಸ್ಟರ್ನ್ ಡ್ರೈವ್ ಎಂದು ಡಬ್ಬದ ಮೇಲೆ ಬರೆದಿದೆ, ನಮ್ಮ ಮನೆಯಲ್ಲಿ ಅದು ಕಾಲೇ. ಅದರ ಗೇರ್ ಆಯಿಲ್ ಬದಲಿಸಬೇಕು. ಹೇಗೆಂದು ಬರೆ.

ಇದನ್ನು ಬರೀ ಆಯಿಲ್ ವಿಷಯ ಎಂದು ತಿಳಿಯಬೇಡ. ತಾನು ದುಡಿಯುವ ಯಂತ್ರ ತನ್ನದಲ್ಲದ ಮನುಷ್ಯ ಅರ್ಧ ಮನುಷ್ಯ ಎಂದು ಒಂದು ಕಿರುಹೊತ್ತಗೆಯಲ್ಲಿ ಓದಿದೆ. ನೀನು ಅಲ್ಲಿ ಯಾರದೋ ಹಡಗಿನ ಹೊಟ್ಟೆಯಲ್ಲಿ ಮಲಗಿ ಬೋಲ್ಟು ಬಿಗಿಯುವಾಗ ನಿನ್ನ ಯಂತ್ರ ಇಲ್ಲಿ ಕೊಳೆಯುತ್ತಿದೆ. ಇದು ಅನ್ಯಾಯ. ಎರಡನೇ ಸಲ ಆ ಒಪ್ಪಂದಕ್ಕೆ ಸಹಿ ಹಾಕಬೇಡ.

ಫೋನು ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಮೂಗು ಸೀಟುತ್ತೇವೆಯೇ ಹೊರತು ಒಂದು ಕೆಲಸದ ಮಾತೂ ಆಗುವುದಿಲ್ಲ.

ಹೋರಾಟದ ವಂದನೆಗಳೊಂದಿಗೆ,
ಕಿಡಿ


ಜನವರಿ ೨೮

ನನ್ನ ಕಿಡಿಗೆ,

ಹೆತ್ತ ತಾಯಿಗೆ ಹೋರಾಟದ ವಂದನೆ ಬರೆಯುವವಳು ಲೋಕದಲ್ಲಿ ನೀನೊಬ್ಬಳೇ. ಪಕ್ಕದ ಮಂಚದವಳಿಗೆ ಓದಿ ಹೇಳಿದೆ. "ನಿನ್ನ ಮಗಳು ಪೊಲೀಸಾ?" ಅಂದಳು.

ಇನ್ನು ಕಾಲಿನ ವಿಷಯ. ಮೊದಲು ನೀರಿನಲ್ಲೇ ಎಂಜಿನ್ ಸ್ವಲ್ಪ ಹೊತ್ತು ಓಡಿಸು. ಆಯಿಲ್ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಆಮೇಲೆ ದೋಣಿಯನ್ನು ಇಳಿಜಾರಿನ ಮೇಲೆ ಎಳೆಸಿ ಕಾಲನ್ನು ನೆಟ್ಟಗೆ ಕೆಳಗಿಳಿಸು. ಓರೆಯಾಗಿದ್ದರೆ ಹಳೆಯದು ಹೊಟ್ಟೆಯಲ್ಲೇ ಉಳಿಯುತ್ತದೆ. ಕೆಳಗೆ ಫ್ಯಾನಿನ ಹತ್ತಿರ ಒಂದು ಸ್ಕ್ರೂ, ಮೇಲೆ ಒಂದು ಸ್ಕ್ರೂ. ಕೆಳಗೆ ಬಕೆಟ್ ಇಟ್ಟು ಕೆಳಗಿನದನ್ನು ಬಿಚ್ಚು, ನಂತರ ಮೇಲಿನದನ್ನು. ಮೇಲಿನಿಂದ ಗಾಳಿ ಹೋದರೇನೇ ಕೆಳಗಿನಿಂದ ಆಯಿಲ್ ಬರುವುದು. ಅವಸರ ಮಾಡಬೇಡ, ಪೂರ್ತಿ ಇಳಿಯಲಿ.

ತುಂಬುವಾಗ ಮೇಲಿನಿಂದ ಸುರಿಯಬಾರದು. ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ತುಂಬಿತು ಎಂದು ನಾವು ಅಂದುಕೊಳ್ಳುತ್ತೇವೆ, ಒಳಗೆ ಗೇರಿನ ಹಲ್ಲುಗಳು ಒಣಗಿಯೇ ಇರುತ್ತವೆ. ಕೆಳಗಿನ ತೂತಿಗೆ ಕೈಪಂಪು ಕಚ್ಚಿಸಿ, ಕೆಳಗಿನಿಂದ ಮೇಲಕ್ಕೆ ಒತ್ತಬೇಕು. ಮೇಲಿನ ತೂತಿನಲ್ಲಿ ಗುಳ್ಳೆ ನಿಂತು ಬರೀ ಆಯಿಲ್ ಕಂಡಾಗ ಮೊದಲು ಮೇಲಿನ ಸ್ಕ್ರೂ ಬಿಗಿ, ಆಮೇಲೆ ಪಂಪು ಕಿತ್ತು ತಟ್ಟನೆ ಕೆಳಗಿನದು. ಎರಡು ಸ್ಕ್ರೂಗೂ ಹೊಸ ವಾಷರ್ ಹಾಕು.

ಇಬ್ಬರು ಬೇಕು ಈ ಕೆಲಸಕ್ಕೆ. ನೀನು ಚಿಕ್ಕವಳಿದ್ದಾಗ ಮೇಲೆ ನಿಂತು ತೂತನ್ನೇ ನೋಡುತ್ತಿದ್ದೆ. ಆಯಿಲ್ ಕಂಡದ್ದೇ ತಡ, "ಬಂತೂ!" ಎಂದು ಇಡೀ ಬಂದರಿಗೆ ಕೇಳುವಂತೆ ಕೂಗುತ್ತಿದ್ದೆ. ಆ ಕಡೆಯ ದೋಣಿಯವರು "ಏನಮ್ಮಾ ಬಂತು, ಬಿರುಗಾಳಿನಾ?" ಎಂದು ಕೇಳುತ್ತಿದ್ದರು.

ಇಲ್ಲಿ ನಾನು ಪಂಪಿನ ಒಂದೇ ಬದಿಯ ಬೋಲ್ಟುಗಳನ್ನು ಬಿಗಿಯುತ್ತೇನೆ. ಇನ್ನೊಂದು ಬದಿ ಇನ್ನೊಬ್ಬಳದು. ಇಡೀ ಎಂಜಿನ್ ನೋಡಿ ಬಹಳ ದಿನವಾಯಿತು.

ಇಳಿಸಿದ ಆಯಿಲಿನ ಒಂದು ಹನಿಯನ್ನು ಕಾಗದದ ಮೂಲೆಗೆ ಇಟ್ಟು ಕಳಿಸು. ಬಣ್ಣ ನೋಡಿದರೆ ಒಳಗೇನಾಗಿದೆ ಎಂದು ತಿಳಿಯುತ್ತದೆ.

ಅಜ್ಜಿಯ ಮಂಡಿ ಹೇಗಿದೆ?

ನಿನ್ನ ಅಮ್ಮ


ಫೆಬ್ರವರಿ ೧೬

ಅಮ್ಮಾ,

ಆಯಿತು! ನಾನೇ ಮಾಡಿದೆ. ಇವತ್ತು ಮೊಣಕೈವರೆಗೂ ಕಪ್ಪು. ಕೈ ಕೆಸರಾದರೆ ಬಾಯಿ ಮೊಸರು ಎಂದು ಅಜ್ಜಿ ಹೇಳುತ್ತಿದ್ದಳು. ನನಗೆ ಬಾಯಿಗೂ ಆಯಿಲೇ ಹಾರಿದೆ, ಅದರ ರುಚಿ ಕೇಳಬೇಡ.

ಮೇಲೆ ನಿಲ್ಲಲು ಅಜ್ಜಿಯನ್ನೇ ಕರೆದೆ. ಕುರ್ಚಿಯ ಮೇಲೆ ಕೂತು ಕನ್ನಡಕ ಒರೆಸಿಕೊಂಡು ತೂತನ್ನು ನೋಡುತ್ತಿದ್ದಳು. ನಾನು ಪಂಪು ಒತ್ತುತ್ತಲೇ ಇದ್ದೇನೆ, ಮೇಲಿನಿಂದ ಸದ್ದೇ ಇಲ್ಲ.

"ಅಜ್ಜೀ, ಬಂತಾ?"

"ಬಂದು ಹೋಗ್ತಾನೂ ಇದೆ ಕಣೇ, ನನ್ನ ಸೀರೆ ಮೇಲೆಲ್ಲಾ."

"ಹೇಳಬಾರದಾ?"

"ನೀನು ಕೇಳಿದ್ಯಾ?"

ಕೆಳಗಿನಿಂದ ತುಂಬಬೇಕು ಎಂದು ನೀನು ಬರೆದದ್ದನ್ನು ಓದಿದಾಗ ನನಗೆ ಮೈ ಝುಂ ಎಂದಿತು. ಮೇಲಿನಿಂದ ಸುರಿದದ್ದು ಹಲ್ಲಿನವರೆಗೆ ತಲುಪುವುದಿಲ್ಲ! ಇದನ್ನು ಇಲ್ಲಿನ ಕಾರ್ಖಾನೆ ಕೆಲಸಗಾರರ ಸಂಜೆ ಸಭೆಯಲ್ಲಿ ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಿನ್ನ ಮಾತು ಕೇಳಲಿಲ್ಲ. ವಾಷರ್ ಕೊಳ್ಳಲು ಅಂಗಡಿಗೆ ಹೋದೆ. ಹಳೆಯವನ್ನು ತೋರಿಸಿ, "ಇವಕ್ಕೇನಾಗಿದೆ, ಹರಿದಿಲ್ಲ, ಮುರಿದಿಲ್ಲ" ಅಂದೆ. ಅಂಗಡಿಯವನು ಮೂಗಿನ ತುದಿಯಿಂದ ನೋಡಿ, "ಪ್ರತಿ ಸಲ ಹೊಸದು ಹಾಕ್ಬೇಕು, ಪದ್ಧತಿ" ಅಂದ. ಯಾರ ಪದ್ಧತಿ ಎಂದು ಕೇಳಿದೆ. "ಕಂಪನಿದು" ಅಂದ. ಅಷ್ಟು ಸಾಕಾಯಿತು ನನಗೆ. ಚೆನ್ನಾಗಿರುವುದನ್ನು ಎಸೆಯಿಸಿ ಹೊಸದನ್ನು ಕೊಳ್ಳಿಸುವುದೇ ಅವರ ಬದುಕು ಎಂದು 'ಬಳಸು, ಎಸೆಯಬೇಡ' ಎಂಬ ಹೊತ್ತಗೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಅದನ್ನು ವಿವರಿಸಿ ಹೇಳಿ, ಬರಿಗೈಯಲ್ಲಿ ವಾಪಸು ಬಂದೆ. ಹಳೆಯವನ್ನೇ ತೊಳೆದು, ಒರೆಸಿ, ಬಿಗಿಯಾಗಿ ತಿರುಗಿಸಿದ್ದೇನೆ. ಒಂದು ಹನಿ ಸೋರಿಲ್ಲ.

ಹನಿ ಮೂಲೆಯಲ್ಲಿದೆ. ಯಾವಾಗ ಬರುತ್ತೀಯೆಂದು ನೀನು ಬರೆದಿಲ್ಲ.

ಅಜ್ಜಿ ಬಡಗಿ ಮಾವನಿಗೆ ಹೇಳುತ್ತಿದ್ದಳು: "ಈ ಆಯಿಲ್ ಕೆಲಸ ನಿನಗೆ ಕಣ್ಣುಮುಚ್ಚಿ ಬರುತ್ತೆ. ಗೋಡೆ ಆಚೆ ನಿನ್ನನ್ನ ಇಟ್ಟುಕೊಂಡು ಸಮುದ್ರದಾಚೆ ಕೇಳಿ ಕಳಿಸ್ತಾಳೆ ನೋಡು." ಮುದುಕಿಗೆ ಕೆಲಸವಿಲ್ಲ.

ಹೋರಾಟದ ವಂದನೆಗಳೊಂದಿಗೆ,
ಕಿಡಿ


ಮಾರ್ಚ್ ೧

ಅಮ್ಮಾ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ, ತಡೆಯಲಾಗಲಿಲ್ಲ. ದೋಣಿ ಎರಡು ವಾರದಿಂದ ಓಡುತ್ತಿದೆ! ಬೆಳಗಿನ ಪಾಳಿಯವರನ್ನು ಆಚೆ ದಡಕ್ಕೆ ಬಿಡುತ್ತಿದ್ದೇನೆ. ತಪಾಸಣೆ ಮುಗಿಯುವ ತನಕ ಬಿಟ್ಟಿ. ಕಂಪನಿಯ ದೊಡ್ಡ ದೋಣಿ ಖಾಲಿ ನಿಂತಿರುತ್ತದೆ, ನಮ್ಮದರಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ನಡುನೀರಿನಲ್ಲಿ ನಾನು ಅವರಿಗೆ ದಿನಕ್ಕೊಂದು ಪುಟ ಓದಿ ಹೇಳುತ್ತೇನೆ. ನೂಲಿನ ಗಿರಣಿಯ ಹೆಂಗಸೊಬ್ಬಳು ಕೇಳಿದಳು: "ತಂಗೀ, ಭಾಷಣ ಇಲ್ಲದ ದೋಣಿ ಎಷ್ಟೊತ್ತಿಗಿದೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪುಟ ಮುಗಿಸಿಯೇ ಬಿಟ್ಟೆ.

ಅವಳೇ ಇಳಿಯುವಾಗ, "ನಿಮ್ಮಮ್ಮ ದೋಣಿ ಕಟ್ಟೆಗೆ ತಾಗಿಸಿದ್ರೆ ಗೊತ್ತೇ ಆಗ್ತಿರಲಿಲ್ಲ, ನೀನು ತಾಗಿಸಿದ್ರೆ ಹಲ್ಲು ಅಲ್ಲಾಡುತ್ತೆ" ಅಂದಳು. ನಿನ್ನ ವಿಷಯವನ್ನು ಬೇರೆಯವರ ಬಾಯಲ್ಲಿ ಕೇಳಿ ಬಹಳ ದಿನವಾಗಿತ್ತು. ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ಕಟ್ಟೆಯ ಕೊನೆಯವರೆಗೂ ಅವಳ ಹಿಂದೆ ನಡೆದೆ. ಹೇಳಲಿಲ್ಲ. ಪಾಳಿಗೆ ಹೊತ್ತಾಗಿತ್ತು.

ದೋಣಿ ಓಡಿದೆ ಅಮ್ಮ. ಓಡಿದ ದಿನ ಹೇಳು ಅಂದಿದ್ದೆ. ಹೇಳಿದ್ದೇನೆ.

ಕಿಡಿ


ಮಾರ್ಚ್ ೫

ಕಿಡಿ,

ಫೆಬ್ರವರಿಯ ನಿನ್ನ ಕಾಗದ ಇವತ್ತು ಸಿಕ್ಕಿತು. ದೋಣಿಯನ್ನು ನೀರಿಗಿಳಿಸಬೇಡ. ಇಳಿಸಿದ್ದರೆ ಈ ಕ್ಷಣ ನಿಲ್ಲಿಸು. ಕೆಳಗಿನ ಸ್ಕ್ರೂ ಬಿಚ್ಚಿ ಆಯಿಲಿನ ಬಣ್ಣ ನೋಡು. ಹಳೆಯ ವಾಷರ್ ಆಯಿಲನ್ನು ಒಳಗೆ ತಡೆಯಬಹುದು, ಹೊರಗಿನ ನೀರನ್ನು ತಡೆಯುತ್ತದೆಂದು ನಂಬುವಂತಿಲ್ಲ.

ಕಳಿಸಿದ ಹನಿ ಕಪ್ಪಗಿದೆ, ಹಳತಾಗಿದೆ ಅಷ್ಟೇ. ತಪ್ಪೇನಿಲ್ಲ. ಮೂಸಿ ನೋಡಿದೆ. ನಮ್ಮ ದೋಣಿಮನೆಯ ವಾಸನೆ ಹಾಗೇ ಇತ್ತು. ಕಾಗದವನ್ನು ದಿಂಬಿನ ಕೆಳಗಿಟ್ಟಿದ್ದೇನೆ. ದಿಂಬಿಗೆ ಕಲೆಯಾಯಿತೆಂದು ಕೋಣೆಯ ಮೇಲ್ವಿಚಾರಕಿ ಬೈದಳು.

ಬೇಗ ಬರೆ.

ಅಮ್ಮ


ಮಾರ್ಚ್ ೨೨

ಅಮ್ಮಾ,

ನಿನ್ನ ಕಾಗದ ಬಂದ ಮಧ್ಯಾಹ್ನವೇ ದೋಣಿ ಎಳೆಸಿ ಸ್ಕ್ರೂ ಬಿಚ್ಚಿದೆ. ಬಕೆಟ್ಟಿಗೆ ಬಿದ್ದದ್ದು ಆಯಿಲಲ್ಲ, ಹಾಲು ಹಾಕಿದ ಚಹಾ. ಅಜ್ಜಿ ಬಗ್ಗಿ ನೋಡಿ, "ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ನಿನ್ನ ದೋಣಿ ಏನೂ ತಿನ್ನದೇ ಕುಡಿದಿದೆಯಲ್ಲೇ" ಅಂದಳು. ನಾನು ನಗಲಿಲ್ಲವೆಂದು ಗೊತ್ತಾದ ಮೇಲೆ ಒಳಗೆ ಹೋಗಿ ನನಗೆ ತಲೆಗೆ ನೀರು ಕಾಯಿಸಿದಳು.

ಬಡಗಿ ಮಾವ ಬಂದು ಬೆರಳಲ್ಲಿ ತೆಗೆದು ನೋಡಿದ. ಫ್ಯಾನಿನ ಒಳಗೆ ನೀರು ತಡೆಯುವ ದೊಡ್ಡ ಸೀಲು ಹೋಗಿರಬಹುದು ಅನ್ನುತ್ತಾನೆ. ಹಾಗಿದ್ದರೆ ಕಾಲನ್ನೇ ಕಳಚಬೇಕು. ಅದು ಏಪ್ರಿಲ್ ಒಳಗೆ ಆಗುವ ಮಾತಲ್ಲ. ಪಾಳಿಯವರೆಲ್ಲ ಮತ್ತೆ ಕಂಪನಿಯ ದೋಣಿ ಹತ್ತುತ್ತಿದ್ದಾರೆ. ನೂಲಿನ ಗಿರಣಿಯವಳು ನನ್ನನ್ನು ನೋಡಿ ಕೈ ಮಾತ್ರ ಬೀಸಿದಳು. ಬೈದಿದ್ದರೆ ವಾಸಿಯಿತ್ತು.

ಎಸೆಯಬೇಡ ಎಂಬ ತತ್ವ ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಆ ಹೊತ್ತಗೆ ಬರೆದವನು ಎಂದೂ ಸ್ಕ್ರೂ ಬಿಚ್ಚಿದವನಲ್ಲ. ಬಿಚ್ಚಿದವಳು ನೀನು. ನೀನು ಒಂದು ಸಾಲಿನಲ್ಲಿ ಹೇಳಿದ್ದನ್ನು ಬಿಟ್ಟು ಅವನು ನಲವತ್ತು ಪುಟದಲ್ಲಿ ಹೇಳಿದ್ದನ್ನು ಕೇಳಿದೆ.

ಹನಿ ಇಟ್ಟಿದ್ದೇನೆ. ನೋಡಲು ಅಸಹ್ಯವಾಗಿದೆ.

ಅಲ್ಲಿ ಸಹಿ ಕೇಳುತ್ತಿದ್ದಾರಾ? ನೀನು ಬರೆಯುವುದಿಲ್ಲ, ನಾನು ಕೇಳುವುದಿಲ್ಲ. ಈಗ ಕೇಳುತ್ತಿದ್ದೇನೆ. ನನ್ನ ಹೊತ್ತಗೆಗಳಲ್ಲಿ ಎಲ್ಲದಕ್ಕೂ ಉತ್ತರವಿದೆ, ಸಂಜೆ ಆರು ಗಂಟೆಗೆ ನಿನ್ನ ಚಪ್ಪಲಿ ಸದ್ದಿಲ್ಲದ ಮೆಟ್ಟಿಲಿಗೆ ಏನು ಮಾಡಬೇಕೆಂದು ಮಾತ್ರ ಎಲ್ಲೂ ಬರೆದಿಲ್ಲ.

ಕಿಡಿ


ಏಪ್ರಿಲ್ ೮

ಮಗಳೇ,

ಹೆದರಬೇಡ. ಹಾಲಿನಂತಾದರೆ ನೀರು ಸೇರಿದೆ ಎಂದಷ್ಟೇ ಅರ್ಥ, ಎಲ್ಲಿಂದ ಸೇರಿತೆಂದು ಹನಿ ಹೇಳುವುದಿಲ್ಲ. ಬಡಗಿ ಒಳ್ಳೆಯವನು, ಆದರೆ ಅವನಿಗೆ ಎಲ್ಲ ಕಾಯಿಲೆಯೂ ದೊಡ್ಡ ಕಾಯಿಲೆಯೇ. ಅವನ ನೆಗಡಿಯನ್ನು ನೀನೇ ನೋಡಿದ್ದೀಯಲ್ಲ.

ಮೊದಲು ಆ ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡು. ಮರಳಿನಂತೆ ಚುಚ್ಚಿದರೆ ಹಲ್ಲು ಸವೆದಿದೆ. ನುಣುಪಾಗಿದ್ದರೆ ಬದುಕಿದೆವು. ಪೂರ್ತಿ ಇಳಿಸಿ, ಕೆಳಗಿನ ಸ್ಕ್ರೂವನ್ನು ಅದೇ ಹಳೆಯ ವಾಷರಿನೊಡನೆ ಹಾಕು. ಕಳ್ಳ ಯಾರೆಂದು ಗೊತ್ತಾಗಬೇಕಲ್ಲ. ಮೇಲಿನ ತೂತಿಗೆ ಸೈಕಲ್ ಪಂಪು ಕೂರುವಂತೆ ಬಡಗಿಯಿಂದ ಒಂದು ಮೂತಿ ಮಾಡಿಸು. ಮೆಲ್ಲಗೆ ಗಾಳಿ ಒತ್ತು. ಜೋರು ಮಾಡಿದರೆ ಗಟ್ಟಿಯಿರುವ ಸೀಲೂ ಕಿತ್ತು ಬರುತ್ತದೆ. ಕಾಲಿಗೆಲ್ಲ ಸೋಪಿನ ನೀರು ಹಚ್ಚಿ ನೋಡು. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಕಳ್ಳ.

ವಾಷರಿನ ಮೇಲೆ ಸಿಟ್ಟಾಗಬೇಡ. ಅದು ಒಮ್ಮೆ ಒತ್ತಿಸಿಕೊಂಡು ತನ್ನ ಜಾಗಕ್ಕೆ ಒಗ್ಗಿಬಿಟ್ಟಿರುತ್ತದೆ. ಎರಡನೇ ಸಲ ಎಷ್ಟು ಬಿಗಿದರೂ ಮೊದಲಿನಂತೆ ಕೂರುವುದಿಲ್ಲ. ನೋಡುವುದಕ್ಕೆ ಗಟ್ಟಿಯಾಗಿಯೇ ಇರುತ್ತದೆ.

ಹೌದು, ಸಹಿ ಕೇಳುತ್ತಿದ್ದಾರೆ. ಇನ್ನೂ ಎರಡು ವರ್ಷಕ್ಕೆ. ಮೇ ಕೊನೆಯೊಳಗೆ ಹೇಳಬೇಕು. ಜಾಗ ಹೋಗಿ ದೋಣಿಯೂ ನಿಂತರೆ ನಾನು ಅಲ್ಲಿಗೆ ಬಂದು ಮಾಡುವುದೇನು, ತುಂಬಬೇಕಾದದ್ದು ಮೂರು ಹೊಟ್ಟೆ. ದೋಣಿ ನಿಂತರೆ ಸಹಿ ಹಾಕುತ್ತೇನೆ, ಓಡಿದರೆ ಇಲ್ಲ. ನಿನ್ನ ಮುಂದಿನ ಹನಿ ನೋಡಿ ಉತ್ತರ ಕೊಡುತ್ತೇನೆಂದು ಫೋರ್‌ಮನ್‌ಗೆ ಹೇಳಿದ್ದೇನೆ. "ಯಾವ ಹನಿ?" ಅಂದ. ಅವನಿಗೆ ಹೇಗೆ ವಿವರಿಸಲಿ.

ಅಮ್ಮ


ಮೇ ೪

ಅಮ್ಮಾ,

ಬೆರಳಿಗೆ ನುಣುಪಾಗಿತ್ತು. ಮೂರು ಸಲ ಉಜ್ಜಿ ನೋಡಿದೆ, ಅಜ್ಜಿಯಿಂದಲೂ ಉಜ್ಜಿಸಿದೆ.

ಬಡಗಿ ಮಾವ ಮರದ ಮೂತಿಗೆ ಸೈಕಲ್ ವಾಲ್ವು ಕೂರಿಸಿ ಕೊಟ್ಟ. ಅಜ್ಜಿ ಸೋಪಿನ ನೀರನ್ನು ಮಗುವಿಗೆ ಎಣ್ಣೆ ಹಚ್ಚುವಂತೆ ಕಾಲಿಗೆಲ್ಲ ಹಚ್ಚಿದಳು. ನಾನು ಮೆಲ್ಲಗೆ ಗಾಳಿ ಒತ್ತಿದೆ. ಫ್ಯಾನಿನ ಹತ್ತಿರವೇ ನಮ್ಮೆಲ್ಲರ ಕಣ್ಣು. ಅಲ್ಲಿ ಏನೂ ಏಳಲಿಲ್ಲ. ಆಗ ಅಜ್ಜಿ, "ಇಲ್ಲಿ ನೋಡೇ, ಇಲ್ಲಿ" ಎಂದಳು. ಕೆಳಗಿನ ಸ್ಕ್ರೂವಿನ ಸುತ್ತ ಸಣ್ಣ ಸಣ್ಣ ಗುಳ್ಳೆ, ಒಂದರ ಹಿಂದೆ ಒಂದು. ಅಷ್ಟೇ. ಅದೊಂದೇ. ಬಡಗಿ ಮಾವ ತನಗೆ ಮೊದಲೇ ಅನ್ನಿಸಿತ್ತು ಎಂದು ಹೇಳಿಕೊಂಡು ಚಹಾ ಕುಡಿದು ಹೋದ.

ವಾಷರಿಗಾಗಿ ಅದೇ ಅಂಗಡಿಗೆ ಹೋಗಬೇಕಾಯಿತು. ಬಾಗಿಲಲ್ಲೇ ಅವನು, "ಬನ್ನಿ ಬನ್ನಿ, ಇವತ್ತು ಯಾವ ಅಧ್ಯಾಯ?" ಅಂದ. "ವಾಷರ್ ಅಧ್ಯಾಯ" ಅಂದೆ. ನಗದೆ ಕೊಟ್ಟ, ಅದಕ್ಕೆ ಅವನನ್ನು ಮೆಚ್ಚಬೇಕು. ಹೊಸ ಆಯಿಲ್ ತುಂಬಿ, ಸ್ವಲ್ಪ ಓಡಿಸಿ, ಇಳಿಸಿ, ಮತ್ತೆ ತುಂಬಿದೆ. ಪ್ರತಿ ಸಲವೂ ಹೊಸ ವಾಷರ್.

ತಪಾಸಣೆಯ ದಿನ ಅಧಿಕಾರಿ ಹತ್ತಿದ, ಆಚೆ ದಡ ಮುಟ್ಟಿಸಿ ಕರೆತಂದೆ. ಕಟ್ಟೆಗೆ ತಾಗಿಸುವಾಗ ಅವನ ಹಲ್ಲೂ ಅಲ್ಲಾಡಿರಬೇಕು, ಆದರೂ ಕಾಗದಕ್ಕೆ ಮುದ್ರೆ ಒತ್ತಿದ. ಜಾಗ ನಮ್ಮದು.

ಈಗ ಕಷ್ಟದ ಮಾತು. ಕೆಳಗೆ ಎರಡು ಹನಿ ಇವೆ. ಎಡಗಡೆಯದು ಬಾಟಲಿಯದು, ಜೇನಿನಂತೆ ತಿಳಿಯಾಗಿದೆ. ಅದೊಂದನ್ನೇ ಇಟ್ಟು ಕಾಗದ ಮಡಚಿದ್ದೆ. ನೀನು ಹನಿ ನೋಡಿ ಉತ್ತರ ಕೊಡುತ್ತೀಯಲ್ಲ, ತಿಳಿಯಾದದ್ದನ್ನೇ ನೋಡಲಿ ಎಂದು. ಅಜ್ಜಿ ನೋಡಿದಳು. ಬೈಯಲಿಲ್ಲ. "ಬಾಟ್ಲಿದು ಕಳಿಸ್ತೀಯಾ? ಅವಳು ಮೂಸಿದ್ರೆ ಗೊತ್ತಾಗುತ್ತೆ. ಗೊತ್ತಾಗದಿದ್ರೆ ಇನ್ನೂ ಕೆಟ್ಟದ್ದು" ಅಂದಳು. ಇಡೀ ಬಂದರಿಗೆ ಸತ್ಯ ಹೇಳುತ್ತೇನೆಂದು ತಿರುಗುವವಳು ನಾನು.

ಬಲಗಡೆಯದು ಕಾಲಿನದು. ಒಂದು ವಾರ ಓಡಿಸಿ, ನಿನ್ನೆ ತೆಗೆದದ್ದು. ಪೂರ್ತಿ ತಿಳಿಯಾಗಿಲ್ಲ, ತುಸು ಮಸುಕಿದೆ. ಹಳೆಯ ನೀರು ಮೂಲೆಯಲ್ಲಿ ಉಳಿದಿತ್ತೋ, ಎಲ್ಲಿಂದಾದರೂ ಇನ್ನೂ ಬರುತ್ತಿದೆಯೋ ನನಗೆ ಗೊತ್ತಾಗುತ್ತಿಲ್ಲ. ನಿಜವಾಗಿ ಗೊತ್ತಾಗುತ್ತಿಲ್ಲ ಅಮ್ಮ.

ಎರಡನ್ನೂ ನೋಡಿ ನಿನಗೆ ಸರಿ ತೋರಿದ್ದನ್ನು ಮಾಡು. ಸಹಿ ಹಾಕಿದರೂ ನಾನು ಕೂಗಾಡುವುದಿಲ್ಲ.

ನಿನ್ನ ಮಗಳು


ಮೇ ೨೧

ನನ್ನ ಕಿಡಿಗೆ,

ಎರಡೂ ಹನಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪಕ್ಕದ ಮಂಚದವಳೂ ನೋಡಿದಳು. ಅವಳಿಗೆ ಎಡಗಡೆಯದು ಇಷ್ಟವಾಯಿತು. ನಾನು ಬಲಗಡೆಯದನ್ನು ಮೂಸಿದೆ.

ಅದು ಹಳೆಯ ನೀರೇ. ಹೊಸದಾಗಿ ನುಗ್ಗುತ್ತಿದ್ದರೆ ಒಂದು ವಾರಕ್ಕೆ ಮತ್ತೆ ಚಹಾ ಆಗುತ್ತಿತ್ತು. ಬೇರಿಂಗಿನ ಸಂದಿಯಲ್ಲಿ ಅಡಗಿದ್ದದ್ದು ನಿಧಾನವಾಗಿ ಹೊರಬರುತ್ತಿದೆ. ಇನ್ನೊಂದು ಸಲ ಬದಲಿಸಿದರೆ ತಿಳಿಯಾಗುತ್ತದೆ. ಕೆಲಸ ಅಚ್ಚುಕಟ್ಟಾಗಿ ಮಾಡಿದ್ದೀಯ. ನಾನು ಮೊದಲ ಸಲ ಮಾಡಿದಾಗ ನಿನ್ನ ಅಜ್ಜ ಬೈಯುತ್ತಾ ಎಲ್ಲವನ್ನೂ ಮತ್ತೆ ಬಿಚ್ಚಿಸಿದ್ದ.

ಬಾಟಲಿಯ ಹನಿ ಒಂದೇ ಬಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಎಲ್ಲ ತಿಳಿಯಾಗಿದೆ, ಅವಳಿಗೆ ಎಲ್ಲ ಬರುತ್ತದೆ, ಇನ್ನೆರಡು ವರ್ಷ ಇದ್ದರೆ ಹೊಸ ಎಂಜಿನ್ನೇ ಆಗುತ್ತದೆ ಎಂದುಕೊಳ್ಳುತ್ತಿದ್ದೆನೇನೋ. ಮನಸ್ಸು ಹೇಗೆ ಬೇಕಾದರೂ ಲೆಕ್ಕ ಹಾಕುತ್ತದೆ.

ಫೋರ್‌ಮನ್ ಕಾಗದ ಹಿಡಿದು ಬಂದಿದ್ದ. ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದೆ. "ಯಾಕಮ್ಮ, ಕೂಲಿ ಸಾಲದಾ?" ಅಂದ. "ನಮ್ಮ ದೋಣಿಗೆ ಆಯಿಲ್ ಬದಲಿಸ್ಬೇಕು" ಅಂದೆ. ಅದಕ್ಕೊಂದು ದಿನ ರಜೆ ಕೊಡುತ್ತೇನೆ ಅಂದ ಪಾಪ.

ಜೂನ್ ಹದಿನಾಲ್ಕರ ಹಡಗಿಗೆ ಟಿಕೆಟ್ ಆಗಿದೆ. ಅಲ್ಲಿಯವರೆಗೆ ದೋಣಿಯನ್ನು ಹಗುರವಾಗಿ ಓಡಿಸು. ಕಾಲಿನ ಸ್ಕ್ರೂ ಮುಟ್ಟಬೇಡ. ಹೊಸ ಆಯಿಲನ್ನೂ ಎರಡು ಹೊಸ ವಾಷರನ್ನೂ ತಂದಿಡು. ಅಂಗಡಿಯವನ ಹತ್ತಿರ ಜಗಳ ಬೇಡ.

ಪಂಪು ಈ ಸಲವೂ ನೀನೇ ಒತ್ತು, ಈಗ ಅದು ನಿನ್ನ ಕೈಗೆ ಹತ್ತಿದೆ. ಅಜ್ಜಿ ಕುರ್ಚಿಯಲ್ಲಿ ಸುಮ್ಮನೆ ಕೂತು ನೋಡಲಿ, ಸೀರೆ ಉಳಿಯುತ್ತದೆ. ಮೇಲೆ ನಾನು ನಿಲ್ಲುತ್ತೇನೆ. ಆಯಿಲ್ ಕಂಡದ್ದೇ ತಡ, ಇಡೀ ಬಂದರಿಗೆ ಕೇಳುವಂತೆ ಕೂಗುತ್ತೇನೆ.

ಹೋರಾಟದ ವಂದನೆಗಳೊಂದಿಗೆ,
ಅಮ್ಮ